ಲಂಡಿ ದ್ವೀಪದ ಕೋಸು, ಅಮ್ಮನ ಕರ್ಚೀಫು

ಅಮ್ಮ ಬ್ರಿಸ್ಟಲ್‌ಗೆ ಬಂದು ಐದು ವಾರ ಆಗಿತ್ತು. ಲಂಡನ್ ತೋರಿಸಿದ್ದಾಯಿತು, ಬಾತ್ ತೋರಿಸಿದ್ದಾಯಿತು. ಸ್ಟೋನ್‌ಹೆಂಜ್ ಮುಂದೆ ನಿಲ್ಲಿಸಿದರೆ, "ನಮ್ಮ ಹೊಸನಗರದ ಹತ್ರ ನಿಲಸಕಲ್ಲಿನಲ್ಲೂ ಇಂಥ ಕಲ್ಲು ನೆಟ್ಟಿದಾರೆ ಕಣೇ" ಅಂದು ನೆರಳು ಹುಡುಕಿಕೊಂಡು ಹೋದಳು. ಅವಳಿಗೆ ನಿಜವಾಗಿ ಖುಷಿ ಕೊಟ್ಟದ್ದು ನಮ್ಮ ಬೀದಿಯವರ ಹಿತ್ತಲುಗಳು. ಭಾಷೆ ಬಾರದಿದ್ದರೂ ಬೇಲಿ ಮೇಲಿಂದ ಕೈ ಚಾಚಿ ಎರಡು ಜಿರೇನಿಯಂ ಕಡ್ಡಿ, ಒಂದು ಹಿಡಿ ಪುದೀನ ಬೇರು ಸಂಪಾದಿಸಿದ್ದಳು.

ಹಾಗಾಗಿ ಜುಲೈ ಮೊದಲ ವಾರ ರಜೆ ಸಿಕ್ಕಾಗ, ಒಂದು ಗಿಡ ನೋಡೋಕೆ ಹೋಗೋಣ ಅಂದೆ.

"ಯಾವ ಗಿಡ?"

"ಕೋಸು. ಕಾಡು ಕೋಸು. ಒಂದು ದ್ವೀಪ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ತಾನಾಗಿ ಹುಟ್ಟಲ್ಲ."

"ಪಲ್ಯಕ್ಕೆ ಬರುತ್ತಾ?"

"ಇಲ್ಲಮ್ಮ. ಗಡ್ಡೆ ಕಟ್ಟಲ್ಲ."

"ಮತ್ತೆ ಕೋಸು ಅಂತ ಯಾಕಂತಾರೆ?"

ಒಳ್ಳೆಯ ಪ್ರಶ್ನೆಯೇ. ಲಂಡಿ ಕ್ಯಾಬೇಜ್ ಅಂತ ಹೆಸರು, ನೋಡೋಕೆ ಮಾತ್ರ ಸಾಸಿವೆ ಗಿಡ. ಹಳದಿ ಹೂವು, ನಾಲ್ಕು ಎಸಳು, ಉದ್ದ ಕಾಯಿ. ಕೋಸು, ಮೂಲಂಗಿ, ನವಿಲುಕೋಸು, ಸಾಸಿವೆ ಎಲ್ಲ ಒಂದೇ ಮನೆತನದವು ಅಂತ ಶಾಲೆಯಲ್ಲಿ ಓದಿದ್ದೇವೆ, ಅಲ್ವಾ? ಇದೂ ಆ ಮನೆತನದ್ದೇ, ಊರು ಬಿಟ್ಟು ಕದಲದ ಒಬ್ಬ ದಾಯಾದಿ. ಸಸ್ಯಶಾಸ್ತ್ರದವರ ಬಾಯಲ್ಲಿ ಕೊಯಿನ್ಸಿಯಾ ರೈಟಿಯೈ. ನನಗೆ ಇದರ ಹಳೆಯ ಹೆಸರೇ ಜಾಸ್ತಿ ಇಷ್ಟ: ರಿಂಕೋಸಿನಾಪಿಸ್. ಅಂದರೆ ಕೊಕ್ಕಿನ ಸಾಸಿವೆ. ಯಾಕೆ ಕೊಕ್ಕು ಅನ್ನೋದು ಆಮೇಲೆ ಬರುತ್ತದೆ. ನಮ್ಮ ಮನೆಯ ಜಗಳಕ್ಕೆ ಕಾರಣವಾದದ್ದೂ ಆ ಕೊಕ್ಕೇ.

ಅಪ್ಪನಿಗೆ ಫೋನ್ ಮಾಡಿ ಅಮ್ಮ ವಿಷಯ ಹೇಳಿದಳು. ತೋಟ, ದನ ಬಿಟ್ಟು ಬರೋಕೆ ಆಗದೆ ಅಪ್ಪ ಊರಲ್ಲೇ ಉಳಿದಿದ್ದರು. "ಸಮುದ್ರ ದಾಟಿ ಕೋಸು ನೋಡೋಕೆ ಹೋಗ್ತಿದೀರಾ?" ಅಂತ ಎರಡು ಸಲ ಕೇಳಿದರು. ಲೈನ್ ಸರಿ ಇಲ್ಲ ಅಂದುಕೊಂಡರೋ ಏನೋ.

ಮೊದಲ ದಿನ, ಶನಿವಾರ

ಬೆಳಿಗ್ಗೆ ಐದಕ್ಕೇ ಮನೆ ಬಿಟ್ಟೆವು. ಲಂಡಿಗೆ ಹಡಗು ಉತ್ತರ ಡೆವನ್‌ನ ಎರಡು ಊರುಗಳಿಂದ ಹೊರಡುತ್ತದೆ, ಬಿಡೆಫರ್ಡ್ ಅಥವಾ ಇಲ್ಫ್ರಕೂಮ್. ಯಾವ ದಿನ ಎಲ್ಲಿಂದ ಅನ್ನೋದನ್ನು ಸಮುದ್ರದ ಉಬ್ಬರವಿಳಿತ ನೋಡಿ ನಿಗದಿ ಮಾಡುತ್ತಾರೆ. ನಮ್ಮದು ಇಲ್ಫ್ರಕೂಮ್‌ನಿಂದ ಇತ್ತು.

ಹಡಗಿನ ಹೆಸರು ಓಲ್ಡನ್‌ಬರ್ಗ್. 1958ರಲ್ಲಿ ಜರ್ಮನಿಯಲ್ಲಿ ಕಟ್ಟಿದ್ದು. ಒಳಗೆ ಮರದ ಹಲಗೆ, ಹಿತ್ತಾಳೆ ಹಿಡಿಕೆ, ಎಲ್ಲ ಉಜ್ಜಿ ಉಜ್ಜಿ ಹೊಳೆಯುತ್ತಿತ್ತು. ಸಾಮಾನನ್ನು ನಾವು ಹೊರಬೇಕಿಲ್ಲ. ಬ್ಯಾಗಿಗೆ ನಾವು ಇಳಿಯುವ ಮನೆಯ ಚೀಟಿ ಕಟ್ಟಿ ಕೊಟ್ಟರೆ ಅವರೇ ತಲುಪಿಸುತ್ತಾರೆ. ಅಮ್ಮ ಎಲ್ಲ ಕೊಟ್ಟಳು, ಒಂದು ಕೈಚೀಲ ಬಿಟ್ಟು. ಅದರಲ್ಲಿ ಅವಲಕ್ಕಿ, ಚಟ್ನಿಪುಡಿ, ಮೆಂತ್ಯದ ಹಿಟ್ಟು, ಒಗ್ಗರಣೆ ಡಬ್ಬಿ. "ಅದು ನನ್ನ ಹತ್ರಾನೇ ಇರಲಿ."

ಮೊದಲ ಅರ್ಧ ಗಂಟೆ ಚೆನ್ನಾಗಿತ್ತು. ತೀರ ದೂರವಾದ ಮೇಲೆ ಅಲೆ ಶುರುವಾಯಿತು. ನಾನು ಲೋಕದಲ್ಲಿ ಯಾರಿಗೂ ಬೇಡವಾದವಳ ಹಾಗೆ ಒಂದು ಕಂಬ ಹಿಡಿದು ಕೂತೆ. ಅಮ್ಮನಿಗೆ ಏನೂ ಆಗಲಿಲ್ಲ. ಕೈಚೀಲದಿಂದ ಲಿಂಬೆಹಣ್ಣು ತೆಗೆದು ಉಗುರಲ್ಲಿ ಗೀರಿ ನನ್ನ ಮೂಗಿಗೆ ಹಿಡಿದಳು. "ಆಗುಂಬೆ ಘಾಟಿಗಿಂತ ಇದೇನು ಜೋರಲ್ಲ ಬಿಡು." ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಇಂಗ್ಲಿಷ್ ಅಜ್ಜನ ಮುಖವೂ ಬಿಳುಚಿತ್ತು. ಆತನಿಗೂ ಅರ್ಧ ಲಿಂಬೆಹಣ್ಣು ಹೋಯಿತು.

ಎರಡು ಗಂಟೆಯ ಹತ್ತಿರ ಹಿಡಿಯಿತು. ಡೆವನ್ ತೀರದಿಂದ ಸುಮಾರು 19 ಕಿಲೋಮೀಟರ್ ಆಚೆ, ಬ್ರಿಸ್ಟಲ್ ಚಾನೆಲ್ ಅಟ್ಲಾಂಟಿಕ್‌ಗೆ ತೆರೆದುಕೊಳ್ಳುವ ಕಡೆ, ಸಮುದ್ರದಿಂದ ಒಂದು ಹಲಗೆ ಎದ್ದು ನಿಂತ ಹಾಗೆ ಲಂಡಿ. ಉದ್ದ 5 ಕಿಲೋಮೀಟರ್, ಅಗಲ ಒಂದು ಕಿಲೋಮೀಟರ್‌ನಷ್ಟು. ಮೇಲೆ ಚಪ್ಪಟೆ, ಸುತ್ತ ಕಡಿದಾದ ಬಂಡೆ. ಇಷ್ಟೇ ನೆಲ. ನಾವು ನೋಡಲು ಬಂದ ಗಿಡ ಇಷ್ಟು ನೆಲದಲ್ಲೂ ಎಲ್ಲ ಕಡೆ ಇಲ್ಲ. ಪೂರ್ವದ ಇಳಿಜಾರಿನಲ್ಲಿ, ಅದೂ ಹೆಚ್ಚಾಗಿ ದಕ್ಷಿಣದ ಅರ್ಧದಲ್ಲಿ ಮಾತ್ರ.

ಜೆಟ್ಟಿಯಿಂದ ಊರಿಗೆ ಕಡಿದಾದ ಮಣ್ಣು ರಸ್ತೆ, ಸುಮಾರು ನೂರು ಮೀಟರ್ ಏರು. ನಡೆಯಲು ಆಗದವರನ್ನು ಗಾಡಿಯಲ್ಲಿ ಕರೆದುಕೊಂಡು ಹೋಗುತ್ತಾರೆ. ಅಮ್ಮನಿಗೆ ಅರವತ್ತಾರು, ಮಂಡಿ ನೋವು ಬೇರೆ. ಗಾಡಿ ಹತ್ತು ಅಂದರೆ, "ಗಾಡೀಲಿ ಹೋದ್ರೆ ಗಿಡ ಹೆಂಗೆ ಕಾಣುತ್ತೆ?" ಅಂದು ಸ್ವೆಟರ್ ತೋಳು ಮಡಚಿ ನಡೆದೇಬಿಟ್ಟಳು.

ನಾನು ನಾಳೆ ಕ್ಯಾಮೆರಾ, ದುರ್ಬೀನು, ಮ್ಯಾಪ್ ಎಲ್ಲ ಹಿಡಿದು ಹುಡುಕಬೇಕು ಅಂತ ಲೆಕ್ಕ ಹಾಕಿದ್ದೆ. ಮೊದಲ ತಿರುವು ದಾಟಿ ಉಸಿರು ಬಿಡುತ್ತ ನಿಂತಿದ್ದೆವು, ಅಮ್ಮ ಕೋಲು ಎತ್ತಿ ತೋರಿಸಿದಳು.

"ಅದೇ ಏನೇ?"

ಅದೇ. ರಸ್ತೆಯ ಮೇಲುಗಡೆಯ ಸಡಿಲ ಕಲ್ಲಿನ ದಂಡೆಯ ಮೇಲೆ, ಫಾಕ್ಸ್‌ಗ್ಲೌವ್‌ನ ನೇರಳೆ ಕಡ್ಡಿಗಳ ನಡುವೆ ಸೊಂಟದೆತ್ತರದ ಹಳದಿ ಗಿಡ. ಒಂದಲ್ಲ, ಹತ್ತಿಪ್ಪತ್ತು. ಇಷ್ಟು ಸುಲಭಕ್ಕೆ ಸಿಕ್ಕಿಬಿಟ್ಟರೆ ಏನು ಮಾಡೋದು! ನಾಲ್ಕು ದಿನದ ಪ್ರವಾಸದ ಉದ್ದೇಶ ದಡ ಮುಟ್ಟಿದ ಕಾಲು ಗಂಟೆಯಲ್ಲೇ ಮುಗಿದುಹೋಗಿತ್ತು.

ಅಮ್ಮನಂತೂ ಸಪ್ಪೆ ಮುಖ ಮಾಡಿದಳು. "ಇದು ಸಾಸಿವೆ ಗಿಡವೇ. ನಮ್ಮ ಗದ್ದೆ ಬದುವಿನಲ್ಲಿ ಬೇಕಾದಷ್ಟಿತ್ತು. ಇದಕ್ಕೆ ಇಷ್ಟು ದೂರ ಬಂದ್ವಾ?"

ನಮ್ಮ ಜೊತೆ ಇಳಿದ ನೂರು ಜನರಲ್ಲಿ ಅದರ ಮುಂದೆ ನಿಂತವರು ನಾವಿಬ್ಬರೇ ಅನ್ನೋದೂ ನಿಜ. ಎಲ್ಲರೂ ಪಫಿನ್ ಹಕ್ಕಿ ನೋಡುವ ಆತುರದಲ್ಲಿದ್ದರು.

ರಾತ್ರಿ ಹಳೆಯ ಕಲ್ಲುಮನೆಯ ಪುಟ್ಟ ಅಡುಗೆಮನೆಯಲ್ಲಿ ಅವಲಕ್ಕಿ ಒಗ್ಗರಣೆ. ಎಣ್ಣೆ ಕಾದು ಸಾಸಿವೆ ಸಿಡಿಯುವಾಗ ಅಮ್ಮ ಕಿಟಕಿ ಆಚೆ ನೋಡುತ್ತ, "ಆ ಗಿಡದ ಕಾಳು ಎಷ್ಟು ದಪ್ಪ ಇರುತ್ತೋ" ಅಂದಳು. ನಾನು ಗಮನ ಕೊಡಲಿಲ್ಲ. ಕೊಡಬೇಕಿತ್ತು.

ಎರಡನೇ ದಿನ, ಭಾನುವಾರ

ದ್ವೀಪದ ವಾರ್ಡನ್ ಒಬ್ಬರು ಬಂದವರನ್ನು ಕರೆದುಕೊಂಡು ಪೂರ್ವದ ದಾರಿಯಲ್ಲಿ ಸುತ್ತಾಡಿಸುತ್ತಾರೆ ಅಂತ ಗೊತ್ತಾಗಿ ಸೇರಿಕೊಂಡೆವು. ಇಪ್ಪತ್ತೈದರ ಹುಡುಗಿ. ಮಂಡಿವರೆಗೆ ಕೆಸರು, ಕುತ್ತಿಗೆಗೆ ದುರ್ಬೀನು. ಅವಳು ಹೇಳಿದ್ದನ್ನು ನಾನು ಕನ್ನಡಕ್ಕೆ ಮಾಡಿ ಅಮ್ಮನಿಗೆ ಹೇಳುತ್ತ ಹೋಗಬೇಕು. ಅಮ್ಮ ಅನ್ನೋದರಲ್ಲಿ ಹೇಳಬಹುದಾದದ್ದನ್ನು ಮಾತ್ರ ಇಂಗ್ಲಿಷಿಗೆ ಮಾಡಬೇಕು.

ಈ ಗಿಡದ ವಿಶೇಷ ಗುರುತಿಸಿದ್ದು ಎಲಿಸ್ಟನ್ ರೈಟ್ ಅನ್ನುವ ಡಾಕ್ಟರು. ಎದುರಿನ ತೀರದ ಬ್ರಾಂಟನ್ ಊರಿನವರು. ರೋಗಿಗಳನ್ನು ನೋಡಿ ಉಳಿದ ಹೊತ್ತಿನಲ್ಲಿ ಗಿಡ ನೋಡುತ್ತಿದ್ದವರು. ಲಂಡಿಯ ಹಳದಿ ಹೂವು ಉಳಿದ ಕಡೆಯ ಕಾಡು ಕೋಸುಗಳ ಹಾಗಿಲ್ಲ ಅಂತ 1936ರಲ್ಲಿ ಬರೆದರು. ಜರ್ಮನಿಯ ಶುಲ್ಟ್ಸ್ ಅನ್ನುವ ಸಸ್ಯತಜ್ಞರು ಇದು ಬೇರೆಯೇ ಜಾತಿ ಅಂತ ಒಪ್ಪಿ, ಡಾಕ್ಟರ ಹೆಸರನ್ನೇ ಇಟ್ಟರು. ರೈಟಿಯೈ ಅಂತ ಬಂದದ್ದು ಹಾಗೆ. ಇದರ ಹತ್ತಿರದ ನೆಂಟ ಐಲ್ ಆಫ್ ಮ್ಯಾನ್ ಕೋಸು. ದೂರದ ನೆಂಟರು ಜಾಸ್ತಿ ಇರೋದು ಸ್ಪೇನ್, ಪೋರ್ಚುಗಲ್ ಕಡೆ.

"ನೆಂಟರೆಲ್ಲ ಬಿಸಿಲಿನ ಊರಲ್ಲಿ. ಇದೊಂದು ಇಲ್ಲಿ ಗಾಳಿಗೆ ಮೈಯೊಡ್ಡಿ ಕೂತಿದೆ" ಅಂದಳು ಅಮ್ಮ. ಒಂದು ಕ್ಷಣ ನನ್ನ ಬಗ್ಗೆಯೇ ಹೇಳಿದಳೇನೋ ಅನ್ನಿಸಿತು. ಇದನ್ನು ನಾನು ಅನುವಾದ ಮಾಡಲಿಲ್ಲ.

ಒಂದು ಗಿಡದ ಹತ್ತಿರ ಕೂತು ನೋಡಿದೆವು. ಎಲೆ ಸಾಸಿವೆ ಎಲೆಯಂತೆ ನುಣುಪಲ್ಲ. ಅಂಚು ಆಳವಾಗಿ ಸೀಳಿದ್ದು, ಮೈಮೇಲೆಲ್ಲ ಬಿಳಿ ರೋಮ. ಬಿಸಿಲಿಗೆ ಓರೆಯಾಗಿ ನೋಡಿದರೆ ಬೂದಿ ಹಚ್ಚಿದ ಹಾಗೆ ಕಾಣುತ್ತದೆ. ಕಾಂಡದ ಮೇಲೂ ರೋಮ, ತುದಿ ಕೆಳಮುಖ. ಹೂವು ಮಾತ್ರ ಸಾಸಿವೆ ಹೂವಿಗಿಂತ ದೊಡ್ಡದು, ಬೆಣ್ಣೆ ಹಳದಿ. ಅಡ್ಡಡ್ಡ ಇಟ್ಟ ಹಾಗೆ ನಾಲ್ಕು ಎಸಳು. ತುದಿಯಲ್ಲಿ ಮೊಗ್ಗು, ಅದರ ಕೆಳಗೆ ಹೂವು, ಇನ್ನೂ ಕೆಳಗೆ ಹಸಿರು ಕಾಯಿ. ಮದುವೆ ಮನೆಯಲ್ಲಿ ಮೂರು ತಲೆಮಾರು ಒಂದೇ ಫೋಟೋಕ್ಕೆ ನಿಂತ ಹಾಗೆ.

ಕಾಯಿಯ ತುದಿಯಲ್ಲಿ ಒಂದು ಚೂಪು. ಅದೇ ಕೊಕ್ಕು. ಕಾಯಿ ಒಣಗಿದಾಗ ಎರಡು ಪಕ್ಕದ ಸಿಪ್ಪೆ ಬಿಚ್ಚಿಕೊಂಡು ಕಾಳು ಉದುರುತ್ತವೆ. ಸಾಸಿವೆಯಲ್ಲೂ ಹಾಗೇ. ಆದರೆ ಇದರ ಕೊಕ್ಕಿನ ಒಳಗೂ ಕೆಲವು ಕಾಳು ಕೂತಿರುತ್ತವೆ. ಸಿಪ್ಪೆ ಬಿಚ್ಚಿದರೂ ಅವು ಉದುರುವುದಿಲ್ಲ. ಕೊಕ್ಕು ಇಡಿಯಾಗಿ ನೆಲಕ್ಕೆ ಬೀಳುತ್ತದೆ, ಕಾಳನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ. ಅಮ್ಮನಿಗೆ ಇದು ಬಹಳ ಹಿಡಿಸಿತು. "ಬೀಜಕ್ಕೆ ಅಂತ ಒಂದಿಷ್ಟು ಎತ್ತಿಟ್ಟ ಹಾಗೆ" ಅಂದಳು. ವಾರ್ಡನ್‌ಗೆ ಹೇಳಿದೆ, ಅವಳು ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡಳು.

ಗಿಡದ ಎಲೆಗಳಲ್ಲಿ ಸಣ್ಣ ಸಣ್ಣ ತೂತು. ಅಮ್ಮ ತಲೆ ಆಡಿಸಿದಳು. "ಹುಳ ಹೊಡೆದಿದೆ. ಬೂದಿ ಎರಚಿ ಅಂತ ಹೇಳು."

ಹೇಳಿದೆ. ಹುಡುಗಿ ಜೋರಾಗಿ ನಕ್ಕು, ಎಲೆಯ ಕೆಳಗೆ ಬಗ್ಗಿ ನೋಡಲು ಹೇಳಿದಳು. ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ತೂತಿನ ಪಕ್ಕ ಎಳ್ಳಿನಷ್ಟು ಒಂದು ಚುಕ್ಕೆ ಮಿಂಚಿತು, ತಾಮ್ರದ ಬಣ್ಣ. ಇನ್ನೂ ಹತ್ತಿರ ಮುಖ ತಂದೆ, ಟಣ್ ಅಂತ ಹಾರಿ ಮಾಯ. ಅದೊಂದು ಜೀರುಂಡೆ. ಹಿಂಗಾಲು ಮಡಚಿ ಚಿಗಟದ ಹಾಗೆ ಹಾರುತ್ತದೆ. ಅದರ ಮರಿಹುಳ ಬೆಳೆಯೋದು ಈ ಕೋಸಿನ ಎಲೆಯ ದಂಟಿನ ಒಳಗೆ. ಪ್ರಪಂಚದಲ್ಲಿ ಲಂಡಿ ಬಿಟ್ಟು ಆ ಜೀರುಂಡೆಯೂ ಬೇರೆಲ್ಲೂ ಇಲ್ಲ. ಈ ಗಿಡ ಹೋದರೆ ಅದೂ ಹೋಯಿತು.

ಸಾಸಿವೆ ಜಾತಿಯ ಗಿಡಗಳ ಖಾರ ಇರೋದೇ ಹುಳ ಓಡಿಸೋಕೆ. ಎಲೆ ಹರಿದಾಗ, ಕಾಳು ಅರೆದಾಗ ಒಳಗಿನ ಎರಡು ವಸ್ತು ಸೇರಿ ಆ ಘಾಟು ಹುಟ್ಟುತ್ತದೆ. ಸಾಸಿವೆ ಅರೆದು ಮಾಡುವಾಗ ಮೂಗಿಗೆ ಏರುತ್ತದಲ್ಲ, ಅದೇ. ಆದರೆ ಇಂಥ ಕೆಲವು ಕೀಟ ಆ ಘಾಟಿಗೇ ಒಗ್ಗಿಹೋಗಿವೆ. ಅವಕ್ಕೆ ಅದು ಊಟದ ಗಂಟೆ.

"ಹಂಗಾದ್ರೆ ಇಲ್ಲಿ ಹುಳಕ್ಕೂ ಮರ್ಯಾದೆ" ಅಂದಳು ಅಮ್ಮ. ಕೋಲೂರಿ ಎದ್ದು, ಹಾರಿದ ಜೀರುಂಡೆ ಎಲ್ಲಿ ಹೋಯಿತು ಅಂತ ಹುಡುಕಿದಳು. ತೋಟದಲ್ಲಿ ಹುಳ ಕಂಡರೆ ಚಪ್ಪಲಿ ಹುಡುಕುವವಳು.

ನೆಲಕ್ಕೆ ಬಿದ್ದಿದ್ದ ಒಂದು ಹಣ್ಣೆಲೆ ತೋರಿಸಿ, ಅದನ್ನು ಮುಟ್ಟಬಹುದಾ ಅಂತ ಕೇಳಿಸಿದಳು. ಮುಟ್ಟಬಹುದು ಅಂದರು. ಬೆರಳಲ್ಲಿ ಹೊಸಕಿ ಮೂಸಿ ನನ್ನ ಮೂಗಿಗೂ ಹಿಡಿದಳು. ಮೂಲಂಗಿ ಸೊಪ್ಪು! ಹುಳಿಗೆ ಹಾಕುವ ಮೊದಲು ಹೆಚ್ಚಿಟ್ಟ ಸೊಪ್ಪಿನದೇ ವಾಸನೆ. ಅಟ್ಲಾಂಟಿಕ್‌ನ ಅಂಚಿನ ಬಂಡೆ ಮೇಲೆ ಕೂತು ನನಗೆ ಊರಿನ ಅಡುಗೆಮನೆಯ ಕಟ್ಟೆ ನೆನಪಾಯಿತು.

ಹಸಿ ಎಲೆಯನ್ನಾಗಲಿ ಹೂವನ್ನಾಗಲಿ ಕೀಳುವ ಹಾಗಿಲ್ಲ. ಬ್ರಿಟನ್ನಿನ 1981ರ ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿ ಈ ಗಿಡದ ಹೆಸರಿದೆ. ಇದನ್ನು ನಾನು ಅಮ್ಮನಿಗೆ ಸ್ಪಷ್ಟ ಕನ್ನಡದಲ್ಲಿ ಹೇಳಿದೆ. ಹೇಳಿದ್ದೇನೆ ಅನ್ನೋದಕ್ಕೆ ಅಲ್ಲಿದ್ದ ಆಡುಗಳೇ ಸಾಕ್ಷಿ.

ಆ ಆಡುಗಳದ್ದೂ ಒಂದು ಕಥೆ. ದ್ವೀಪದಲ್ಲಿ ಕಾಡು ಬಿದ್ದ ಆಡು, ಸೋಯ್ ಅನ್ನುವ ಕಂದು ಕುರಿ, ಸಿಕಾ ಜಿಂಕೆ, ಮೊಲ ಎಲ್ಲ ಇವೆ. ಎಲ್ಲಕ್ಕೂ ಕೋಸು ರುಚಿ. ಹಾಗಾಗಿ ಗಿಡ ಉಳಿದಿರುವುದು ಬಾಯಿಗೆ ಎಟುಕದ ಇಳಿಜಾರಿನಲ್ಲಿ. ಮೊಲ ಜಾಸ್ತಿ ಇರುವ ವರ್ಷ ಹೂವು ಕಡಿಮೆ, ಮೊಲಕ್ಕೆ ರೋಗ ಬಂದು ಕಡಿಮೆಯಾದರೆ ಹೂವು ಜಾಸ್ತಿ.

ಮೊಲಕ್ಕಿಂತ ದೊಡ್ಡ ಶತ್ರು ಒಂದು ಚೆಂದದ ಹೂವು. ರೋಡೋಡೆಂಡ್ರಾನ್. ದೊಡ್ಡ ಮನೆಯ ತೋಟಕ್ಕೆ ಅಂದಕ್ಕೆಂದು ತಂದು ನೆಟ್ಟದ್ದು, ಬೇಲಿ ಹಾರಿ ಪೂರ್ವದ ಇಳಿಜಾರಿಗೆ ಇಳಿಯಿತು. ಎಲೆ ದಟ್ಟ, ವರ್ಷವಿಡೀ ಹಸಿರು. ಅದರ ಕೆಳಗೆ ಬಿಸಿಲಿನ ಒಂದು ಕಾಸಗಲವೂ ಬೀಳುವುದಿಲ್ಲ, ಬೇರೇನೂ ಹುಟ್ಟುವುದಿಲ್ಲ. ಕೋಸು ಇರುವ ಜಾಗವೇ ಅದಕ್ಕೂ ಬೇಕಿತ್ತು.

ಇದನ್ನು ಅಮ್ಮನಿಗೆ ವಿವರಿಸಬೇಕಾಗಿಯೇ ಬರಲಿಲ್ಲ. "ಲಂಟಾನ" ಅಂದಳು. ಅದೂ ಬ್ರಿಟಿಷರ ಕಾಲದಲ್ಲಿ ಅಂದದ ಗಿಡ ಅಂತಲೇ ನಮ್ಮಲ್ಲಿಗೆ ಬಂದದ್ದು. ಈಗ ಬಂಡೀಪುರದ ಕಾಡು ನೋಡಿ.

ಇಲ್ಲಿಯವರು ಬಿಡಲಿಲ್ಲ. ದಶಕಗಳ ಕಾಲ ಕಡಿದರು. ಬಂಡೆಯ ಮೇಲಿದ್ದದ್ದನ್ನು ಹಗ್ಗ ಕಟ್ಟಿಕೊಂಡು ನೇತಾಡುತ್ತ ಕಡಿದರು. ದ್ವೀಪದ ಕೆಲಸಗಾರರು, ವಾರ್ಡನ್‌ಗಳು, ರಜೆ ಹಾಕಿ ಬಂದ ಸ್ವಯಂಸೇವಕರು. ಈಗಲೂ ಸಸಿ ಎದ್ದರೆ ಹುಡುಕಿ ಕೀಳುತ್ತಾರೆ. ನಮ್ಮ ವಾರ್ಡನ್ ಮಾತಾಡುತ್ತಲೇ ದಾರಿ ಪಕ್ಕ ಒಂದನ್ನು ನೋಡಿ, ಬಗ್ಗಿ, ಬೇರು ಸಮೇತ ಎಳೆದು ಜೇಬಿಗೆ ಹಾಕಿಕೊಂಡಳು. ಕಡಿದ ಜಾಗದಲ್ಲಿ, ಮಣ್ಣಿನಲ್ಲಿ ಮಲಗಿದ್ದ ಹಳೆಯ ಕೋಸಿನ ಕಾಳು ಬೆಳಕು ಕಂಡು ಮೊಳೆತವು. ಅಲ್ಲೊಂದು ಇಳಿಜಾರು ತೋರಿಸಿದಳು. ಕೊಳೆತ ಬೂದು ಬೊಡ್ಡೆಗಳು, ಅವುಗಳ ನಡುವೆ ಹಳದಿ.

ಅಮ್ಮ ಅಲ್ಲಿ ಬಹಳ ಹೊತ್ತು ನಿಂತಳು. ಶೂ ಲೇಸು ಕಟ್ಟಿಕೊಳ್ತೀನಿ, ನೀವು ಮುಂದೆ ನಡೀರಿ ಅಂದಳು.

ಮೂರನೇ ದಿನ, ಸೋಮವಾರ

ಮಂಜು. ಬಾಗಿಲು ತೆಗೆದರೆ ಎದುರಿನ ಗೋಡೆ ಕಾಣುವುದಿಲ್ಲ. ಕುಂದಾದ್ರಿ ಬೆಟ್ಟದ ಶ್ರಾವಣದ ಹಾಗೆ.

ಹತ್ತು ಗಂಟೆಗೆ ಸ್ವಲ್ಪ ಹರಿದಾಗ ಓಲ್ಡ್ ಲೈಟ್ ಕಡೆ ನಡೆದೆವು. ಹಳೆಯ ದೀಪಸ್ತಂಭ. ದ್ವೀಪದ ಅತಿ ಎತ್ತರದ ಜಾಗ ನೋಡಿ 1819ರಲ್ಲಿ ಕಟ್ಟಿದ್ದು. ಎತ್ತರ ಜಾಸ್ತಿಯಾಗಿ ದೀಪವೇ ಮಂಜಿನಲ್ಲಿ ಮುಚ್ಚಿಹೋಗುತ್ತಿತ್ತು. ಕೆಳಗೆ ಹೋಗುವ ಹಡಗಿನವರಿಗೆ ಕಾಣುತ್ತಲೇ ಇರಲಿಲ್ಲ. ಕಡೆಗೆ 1897ರಲ್ಲಿ ಉತ್ತರ, ದಕ್ಷಿಣ ತುದಿಗಳಲ್ಲಿ ತಗ್ಗಿನಲ್ಲಿ ಎರಡು ಹೊಸ ದೀಪಸ್ತಂಭ ಕಟ್ಟಿ ಇದನ್ನು ಬಿಟ್ಟರು. ಆ ದಿನ ನಮಗೂ ಅದರ ತಲೆ ಕಾಣಲಿಲ್ಲ, ಬುಡ ಮಾತ್ರ.

ಮಧ್ಯಾಹ್ನ ಜೆನ್ನೀಸ್ ಕೋವ್‌ನಲ್ಲಿ ಪಫಿನ್ ಸಿಕ್ಕವು. ಲಂಡಿ ಅಂದರೇ ಹಳೆಯ ನಾರ್ಸ್ ಭಾಷೆಯಲ್ಲಿ ಪಫಿನ್ ದ್ವೀಪ. ಇಲಿಗಳು ಮೊಟ್ಟೆ, ಮರಿ ತಿಂದು ತಿಂದು, 2000ರ ಆಸುಪಾಸಿಗೆ ಹಕ್ಕಿ ಬೆರಳೆಣಿಕೆಗೆ ಇಳಿದಿತ್ತು. ಇಲಿ ಪೂರ್ತಿ ತೆಗೆದರು, 2006ರಲ್ಲಿ ಇಲಿಮುಕ್ತ ದ್ವೀಪ ಅಂತ ಘೋಷಿಸಿದರು. ಈಗ ಪಫಿನ್ ಸಾವಿರ ದಾಟಿವೆ. ಅವುಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಬಿಡುತ್ತೇನೆ. ಅಮ್ಮ ಹೇಳಿದ್ದು ಮಾತ್ರ: "ಯಕ್ಷಗಾನದ ಹಾಸ್ಯಗಾರನ ಮುಖ."

ಮರಿಸ್ಕೋ ಟ್ಯಾವರ್ನ್ ದ್ವೀಪದ ಒಂದೇ ಹೋಟೆಲು, ಒಂದೇ ಹರಟೆಕಟ್ಟೆ. ಅಲ್ಲಿ ಟೀ ಕುಡಿದು ಪೋಸ್ಟ್‌ಕಾರ್ಡ್ ಕೊಂಡೆವು. ಲಂಡಿಗೆ ತನ್ನದೇ ಸ್ಟಾಂಪು ಉಂಟು, ಬೆಲೆ 'ಪಫಿನ್' ಲೆಕ್ಕದಲ್ಲಿ. 1925ರಲ್ಲಿ ದ್ವೀಪ ಕೊಂಡ ಮಾರ್ಟಿನ್ ಕೋಲ್ಸ್ ಹಾರ್ಮನ್ ಅನ್ನುವ ಆಸಾಮಿ 1929ರಲ್ಲಿ ಶುರು ಮಾಡಿದ್ದು. ಆತ ಪಫಿನ್ ಹೆಸರಲ್ಲಿ ನಾಣ್ಯವನ್ನೂ ಹೊಡೆಸಿದ. ಒಂದು ಕಡೆ ಪಫಿನ್, ಇನ್ನೊಂದು ಕಡೆ ತನ್ನದೇ ಮುಖ! ಕೋರ್ಟು 5 ಪೌಂಡ್ ದಂಡ ಹಾಕಿತು. ಸ್ಟಾಂಪು ಉಳಿಯಿತು. ದ್ವೀಪ 1969ರಿಂದ ನ್ಯಾಷನಲ್ ಟ್ರಸ್ಟ್ ಅನ್ನುವ, ಹಳೆಯ ಜಾಗಗಳನ್ನು ಕಾಪಾಡುವ ಸಂಸ್ಥೆಯದ್ದು.

ಅಮ್ಮ ಅಪ್ಪನಿಗೆ ಒಂದು ಕಾರ್ಡ್ ಬರೆದಳು. ಕೈ ಅಡ್ಡ ಹಿಡಿದು ಬರೆದಳು, ನನಗೆ ತೋರಿಸಲಿಲ್ಲ. ವಿಳಾಸ ಮಾತ್ರ ನನ್ನ ಕೈಲಿ ಇಂಗ್ಲಿಷಿನಲ್ಲಿ ಬರೆಸಿದಳು.

ಮಧ್ಯರಾತ್ರಿಗೆ ಜನರೇಟರ್ ನಿಲ್ಲಿಸುತ್ತಾರೆ. ಅದಕ್ಕೆ ಮೊದಲೇ ಬ್ಯಾಗ್ ತುಂಬಿಬಿಡೋಣ ಅಂತ ಅಮ್ಮನ ಸ್ವೆಟರ್ ಮಡಚುತ್ತಿದ್ದೆ. ಜೇಬಿನಲ್ಲಿ ಗಂಟು ಹಾಕಿದ ಕರ್ಚೀಫು. ದುಡ್ಡಿರಬೇಕು ಅಂದುಕೊಂಡು ಬಿಚ್ಚಿದೆ. ಒಳಗೆ ಐದಾರು ಒಣ ಕೊಕ್ಕು, ಜೊತೆಗೆ ಬಿಡಿ ಬಿಡಿ ಕಪ್ಪು ಕಾಳು ಮೂರು.

"ಅಮ್ಮಾ!"

"ಕಿತ್ತಿಲ್ಲ ಕಣೇ. ಬಿದ್ದಿತ್ತು. ಹೋದ ವರ್ಷದ್ದು. ನೀನೇ ಹೇಳಿದ್ದಲ್ಲ, ಬೀಜಕ್ಕೆ ಎತ್ತಿಟ್ಟಿರುತ್ತೆ ಅಂತ."

"ಹಾಗೆ ಹೇಳಿದ್ದು ನೀನು."

"ಯಾರು ಹೇಳಿದ್ರೇನು? ಊರಲ್ಲಿ ಒಂದು ಪಾತಿ ಮಾಡ್ತೀನಿ. ಇಲ್ಲೇನಾದ್ರೂ ಹೆಚ್ಚುಕಮ್ಮಿ ಆದ್ರೆ ಅಲ್ಲೊಂದು ಇರಲಿ. ತಪ್ಪೇನು?"

ತಪ್ಪೇನು ಅಂತ ಹೇಳೋದು ಸುಲಭವಾಗಿರಲಿಲ್ಲ. ಕಾಯ್ದೆ ಅಂದೆ. "ನಿಮ್ಮ ಕಾಯ್ದೆಗೆ ಕರ್ಚೀಫು ಕಾಣುತ್ತಾ?" ಅಂದಳು. ನಮ್ಮೂರ ಮಳೆಗೆ ಕೊಳೆತುಹೋಗುತ್ತದೆ ಅಂದೆ. "ನನ್ನ ಕೈಲಿ ಯಾವ ಗಿಡ ಕೊಳೆತಿದೆ ಹೇಳು." ಅದೂ ನಿಜವೇ. ವಿಮಾನ ನಿಲ್ದಾಣದಲ್ಲಿ ಹಿಡಿದರೆ ಅಂದೆ. ಸುಮ್ಮನಿದ್ದಳು, ಆದರೆ ಒಪ್ಪಿದ ಸುಮ್ಮನಲ್ಲ.

ಕಡೆಗೆ ನನಗೇ ತಿಳಿಯದೆ ಬಾಯಿಗೆ ಬಂದದ್ದು: "ಅದು ಅಲ್ಲಿ ಚೆನ್ನಾಗಿ ಬಂತು ಅಂತಲೇ ಇಟ್ಟುಕೋ. ಬೇಲಿ ಹಾರಿದರೆ?"

ಅಷ್ಟು ಹೊತ್ತಿಗೆ ಕರೆಂಟು ಹೋಯಿತು. ಕತ್ತಲೆಯಲ್ಲಿ ಅಮ್ಮ ಮಗ್ಗಲು ಬದಲಿಸಿದ್ದು ಕೇಳಿಸಿತು. ಆಚೆ ಮ್ಯಾಂಕ್ಸ್ ಶಿಯರ್‌ವಾಟರ್ ಹಕ್ಕಿಗಳು ಸಮುದ್ರದಿಂದ ಗೂಡಿಗೆ ಬರುತ್ತ ಕೂಗುತ್ತಿದ್ದವು. ಗಂಟಲು ಕಟ್ಟಿದ ಮಗು ಅತ್ತ ಹಾಗಿನ ಕೂಗು.

ನಾಲ್ಕನೇ ದಿನ, ಮಂಗಳವಾರ

ಎದ್ದಾಗ ಅಮ್ಮನ ಹಾಸಿಗೆ ಖಾಲಿ. ಶೂ ಇಲ್ಲ, ಕೋಲಿಲ್ಲ. ಗಾಬರಿಯಾಗಿ ಓಡಿದೆ. ಜೆಟ್ಟಿ ರಸ್ತೆಯಲ್ಲಿ ಇರಲಿಲ್ಲ. ಪೂರ್ವದ ದಾರಿಯಲ್ಲಿ, ಬೂದು ಬೊಡ್ಡೆಗಳ ಇಳಿಜಾರಿನ ಹತ್ತಿರ, ದಾರಿ ಅಂಚಿನಲ್ಲಿ ಕೂತಿದ್ದಳು. ಮಂಡಿ ನೋವಿನವಳು ಅಷ್ಟು ದೂರ ಹೇಗೆ ಬಂದಳೋ.

ಕರ್ಚೀಫು ತೊಡೆಯ ಮೇಲೆ ಹರಡಿತ್ತು, ಖಾಲಿ. ಬೆರಳ ತುದಿಗೆಲ್ಲ ಮಣ್ಣು. ಕಾಲ ಬುಡದಲ್ಲಿ ಅಂಗೈಯಗಲ ನೆಲವನ್ನು ಕೆದಕಿ, ಮತ್ತೆ ಮಟ್ಟ ಮಾಡಿದ್ದು ಕಂಡಿತು.

"ಸುಮ್ನೆ ಚೆಲ್ಲಿದ್ರೆ ಹಕ್ಕಿ ತಿನ್ನುತ್ತೆ" ಅಂದಳು. "ಎಲ್ಲಿಂದ ಎತ್ತಿದ್ನೋ ಅಲ್ಲೇ ಇಟ್ಟಿದೀನಿ. ಆ ಹುಡುಗಿಗೆ ಹೇಳಬೇಡ."

ಹೇಳಲಿಲ್ಲ. ಕೈ ಹಿಡಿದು ಎಬ್ಬಿಸಿದೆ. ಎರಡು ಹೆಜ್ಜೆ ಬಂದವಳು ನಿಂತು, ಕೋಲಿನ ತುದಿಯಲ್ಲಿ ಏನನ್ನೋ ತೋರಿಸಿದಳು. ಗೇಣುದ್ದದ ಸಸಿ. ಎಲೆ ದಪ್ಪ, ನುಣುಪು, ಕಡು ಹಸಿರು. ರೋಡೋಡೆಂಡ್ರಾನ್.

"ಇದನ್ನ ಕೀಳಬಹುದಲ್ಲ?"

ಬೇರು ಗಟ್ಟಿಯಿತ್ತು. ಇಬ್ಬರೂ ಸೇರಿ ಎಳೆದೆವು.

ವಾಪಸು ಸಮುದ್ರ ಎಣ್ಣೆ ಹಾಕಿದ ಹಾಗೆ ನುಣ್ಣಗಿತ್ತು. ಲಿಂಬೆಹಣ್ಣು ಬೇಕಾಗಲಿಲ್ಲ. ಅಮ್ಮ ಡೆಕ್ಕಿನ ಮೇಲೆ ಕೂತು ದ್ವೀಪ ಸಣ್ಣದಾಗುವವರೆಗೂ ನೋಡಿದಳು. ಇಲ್ಫ್ರಕೂಮ್ ಬಂದರಿನ ಹತ್ತಿರ ರಸ್ತೆ ಬದಿಯಲ್ಲೊಂದು ಹಳದಿ ಹೂವು ಕಂಡಿತು. ನಾಲ್ಕು ಎಸಳು. ಬಗ್ಗಿ ಎಲೆ ಮುಟ್ಟಿ ನೋಡಿ, "ರೋಮ ಇಲ್ಲ. ಇದು ಬೇರೆ" ಅಂದು ಕಾರು ಹತ್ತಿದಳು.

ಅಮ್ಮ ಆಗಸ್ಟ್‌ನಲ್ಲಿ ಊರಿಗೆ ಹೋದಳು. ಪೋಸ್ಟ್‌ಕಾರ್ಡ್ ಅವಳಿಗಿಂತ ನಾಲ್ಕು ದಿನ ತಡವಾಗಿ ತಲುಪಿತು. ಅಪ್ಪ ಫೋನಿನಲ್ಲಿ ಓದಿ ಹೇಳಿದರು, ಮೂರು ಸಾಲು:

"ಕೋಸು ನೋಡಿದೆ. ಪಲ್ಯಕ್ಕೆ ಬರಲ್ಲ. ಗೌರಿಗೆ ಹಿಂಡಿ ಹಾಕೋದು ಮರೀಬೇಡಿ."